ಬೂಷ್ಟು ಹಿಡಿದ ಇಂಗ್ಲೆಂಡು

ಗೋಣಿಕೊಪ್ಪದಲ್ಲಿ ಮೀನು ಮಾರ್ಕೆಟ್ಟಿಗೆ ಬೆನ್ನು ಕೊಟ್ಟ
ನನ್ನ ರಿಪೇರಿ ಅಂಗಡಿಯ ಮುಂದೆ
ಆಟೋ ನಿಲ್ಲಿಸಿ ಇಳಿದ ಬಿಳಿಯ ಮನುಷ್ಯ.
'ಬನ್ನಿ ದೊರೆ' ಅಂದೆ, ತಮಾಷೆಗೆ.
'ದೊರೆಯಲ್ಲ, ಅಮೆರಿಕದವನು' ಅಂದ, ತುಸು ಬೇಸರದಲ್ಲಿ.
ಕಾಫಿಚೀಲದ ಹೊಲಿಗೆ ಬಿಚ್ಚಿದರೆ
ನೂರಾ ನಲವತ್ತು ವಿಡಿಯೊ ಕ್ಯಾಸೆಟ್ಟು.
ಬೆನ್ನಿಗೆಲ್ಲ ಪೆನ್ಸಿಲಿನ ತಾರೀಕು,
ಹೊಟ್ಟೆಗೆಲ್ಲ ನಮ್ಮ ಕೊಡಗಿನ ಬಿಳಿ ಬೂಷ್ಟು.
'ಇದು ಇಂಗ್ಲೆಂಡು, ಹಂಸ. ಉಳಿಸಿ ಕೊಡು.'

ಹೆಸರು ಡೇಲ್. ಅಮ್ಮತ್ತಿಯ ಬೋಜಮ್ಮ ಸಿಸ್ಟರ ಗಂಡ.
ಒಮಾಹದ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಸೂಜಿ ಚುಚ್ಚಿ
ಅವರು ಊರಿಗೆ ಮರಳಿದರು;
ಅವರ ಹಿಂದೆ ಇವನು, ಇವನ ಹಿಂದೆ ಈ ಚೀಲ.
'ನಾನು ಎರಡನೆಯವಳು' ಅನ್ನುತ್ತಾರೆ ಅವರು,
'ಮೊದಲನೆಯವಳು ಕ್ಯಾಸೆಟ್ಟಿನೊಳಗಿದ್ದಾಳೆ.'

ಹತ್ತಿಗೆ ಸ್ಪಿರಿಟ್ಟು ತಾಗಿಸಿ ಗೇಣು ಗೇಣೇ ಒರೆಸುವೆ.
ಅವನು ಸ್ಟೂಲಿನಲ್ಲಿ ಕೂತು ಹೇಳುವನು:
ಮುಸುಕಿನ ಜೋಳ, ಅದರಾಚೆಗೂ ಮುಸುಕಿನ ಜೋಳ,
ಅದರಾಚೆ ಗೂಡ್ಸು ಗಾಡಿಯ ಹಳಿ; ಅದು ನೆಬ್ರಾಸ್ಕ.
ಭಾನುವಾರ ರಾತ್ರಿ ಅಪ್ಪ ಛಾವಣಿ ಹತ್ತಿ
ಆಂಟೆನಾ ತಿರುಗಿಸಿ 'ಬಂತಾ?' ಅಂತ ಕೂಗಿದರೆ
ಹನ್ನೊಂದು ವರ್ಷದ ಇವನು ಕೆಳಗಿಂದ 'ಬಂತು!'
(ನಾವೂ ಹತ್ತಿದ್ದೆವು, ಹಂಚು ಒಡೆದಿದ್ದೆವು.
ಇಷ್ಟಂತೂ ನನಗೆ ಅರ್ಥವಾಯಿತು.)
ಬರುತ್ತಿತ್ತಂತೆ: ಸೈಕಲ್ಲೇರಿದ ಪಾದ್ರಿ,
ತಪ್ಪೇ ಮಾಡದೆ ಹತ್ತು ಸಲ ಕ್ಷಮೆ ಕೇಳುವ ಜನ,
ಸಾವಿನ ಸುದ್ದಿಗೂ ಮೊದಲು ಕುದಿಯಲಿಟ್ಟ ಟೀ ನೀರು,
ಮುಖದ ಗೆರೆ ಕದಲಿಸದೆ ನಗಿಸುವ ಬೋಳುತಲೆಯವನು.
ತನ್ನ ಮನೆಯಲ್ಲಿ ಯಾರೂ ಹಾಗೆ
ಅರ್ಧ ಮಾತು ನುಂಗಿಕೊಳ್ಳುತ್ತಿರಲಿಲ್ಲ.
ನುಂಗಿದ ಆ ಅರ್ಧಕ್ಕೇ ಮನಸೋತೆ, ಅಂದ.
ಧಾನ್ಯದ ಲಾರಿ ತೂಗುವ ಕೆಲಸ ಸಿಕ್ಕಿದ್ದೇ
ರೆಕಾರ್ಡರು ಕೊಂಡ.

ನಾನು 'ಟಾರ್ಚು ಕೊಡಿ' ಅಂದರೆ ಕಣ್ಣರಳಿಸುತ್ತಾನೆ.
ಲಾರಿ, ಪೆಟ್ರೋಲು, ಬಿಸ್ಕತ್ತು, ಬಾನೆಟ್ಟು...
'ಐವತ್ತು ವರ್ಷ ನಾನು ಕಲಿತದ್ದು ನಿನ್ನ ಬಾಯಲ್ಲಿ ಪುಕ್ಕಟೆ!'
'ಇದು ಕನ್ನಡ, ಸಾರ್' ಅಂದೆ.

ಹೇಳಲೋ ಬೇಡವೋ ಅಂತ
ಒಂದಿಡೀ ಕ್ಯಾಸೆಟ್ಟು ಒರೆಸಿ ಮುಗಿಸಿ ಹೇಳಿದೆ:
ನನ್ನ ಉಪ್ಪಾಪ ಮಾಕುಟ್ಟದ ಘಾಟಿ ಹತ್ತಿ
ಮರದ ಹೊಟ್ಟಿನಲ್ಲಿ ಸುತ್ತಿದ ಐಸು ಹೊತ್ತು
ದೊರೆಗಳ ಕ್ಲಬ್ಬಿನ ಹಿಂಬಾಗಿಲಿಗೆ ಮುಟ್ಟಿಸುತ್ತಿದ್ದರು.
ಕರಗಿದಷ್ಟು ಕೂಲಿ ಕಡಿತ.
ಅವರಿಗೆ ಇಂಗ್ಲೆಂಡು ಅಂದರೆ
ಬೆನ್ನ ಮೇಲೆ ಸೋರುವ ತಣ್ಣನೆ ಭಾರ.
'ಕ್ಷಮಿಸು' ಅಂದ ಡೇಲ್,
ತಪ್ಪೇ ಮಾಡದವನು.
ಅದು ಇಬ್ಬರಿಗೂ ಒಟ್ಟಿಗೇ ಹೊಳೆದು ನಕ್ಕೆವು,
ಅಷ್ಟೇನೂ ಜೋರಾಗಿ ಅಲ್ಲ.

'ಒಮ್ಮೆಯಾದರೂ ಹೋಗಿದ್ದೀರಾ?'
'ಶಿಕಾಗೊ ತನಕ. ಟಿಕೆಟ್ಟು ಕೈಯಲ್ಲೇ ಇತ್ತು.
ವಿಮಾನ ಹತ್ತಲು ಕರೆದರು.
ಆಂಟೆನಾ ಇಲ್ಲದೆ ಅದು ಹೇಗಿರುತ್ತದೋ ಅಂತ
ಹೆದರಿ ಮನೆಗೆ ಬಸ್ಸು ಹಿಡಿದೆ.'

ನೂರಾ ಇಪ್ಪತ್ತೊಂದು ಉಳಿದವು. ಹತ್ತೊಂಬತ್ತು ಮಣ್ಣು.
ಕೊನೆಯದನ್ನು ಹಾಕಿದಾಗ ಸಂಜೆ ಆರೂವರೆ.
ಮೊದಲು ಬರೀ ಹಿಮ, ಆಮೇಲೆ ಒಂದು ಅಡುಗೆಮನೆ,
ಕಿಟಕಿಯಲ್ಲಿ ಅವರ ಸಣ್ಣ ಮಳೆ,
ಹೆಂಗಸೊಬ್ಬಳು ಏನೋ ಹೇಳಲು ಬಾಯಿ ತೆರೆದು, ಮುಚ್ಚಿದಳು.
ಅವಳ ಸೊಂಟದ ಕೆಳಗೆ ಸರಸರನೆ ಸರಿಯಿತು
ಬಿಳಿ ಅಕ್ಷರದ ಪಟ್ಟಿ:
ಇಂಥಿಂಥ ಕೌಂಟಿಗಳಿಗೆ
ಆಲಿಕಲ್ಲಿನ ಎಚ್ಚರಿಕೆ, ರಾತ್ರಿ ಹತ್ತರವರೆಗೆ.

ಡೇಲ್ ಮುಂದಕ್ಕೆ ಬಾಗಿದ.
ಹೆಂಗಸಿನ ಮುಖ ನೋಡಲೇ ಇಲ್ಲ.
ತುಟಿಯಲುಗಿಸುತ್ತ ಊರಿನ ಹೆಸರುಗಳನ್ನು ಓದಿದ,
ಹಾಜರಿ ಕರೆಯುವ ಮೇಷ್ಟರ ಹಾಗೆ.
'ಕಂಪ್ಯೂಟರಿಗೆ ಹಾಕುವಾಗ ಆ ಪಟ್ಟಿ ಕತ್ತರಿಸಲೆ, ಸಾರ್?'
'ಬೇಡ. ಇನ್ನೊಮ್ಮೆ ಹಿಂದಕ್ಕೆ ತಿರುಗಿಸು.'

ಅಮ್ಮತ್ತಿ ರಸ್ತೆಯಲ್ಲಿ ಆನೆ ನಿಂತಿದೆ,
ಈಗಲೇ ಹೊರಡಬೇಡಿ ಎಂದು ಬೋಜಮ್ಮ ಸಿಸ್ಟರ ಫೋನು.
ಒಂಬತ್ತರ ತನಕ ಅಲ್ಲೇ ಕೂತೆವು,
ಎರಡು ಬನ್ನು, ಎರಡು ಕಟ್ಟನ್ ಚಾಯ.
'ಆ ರಾತ್ರಿ ಆಲಿಕಲ್ಲು ಬಿತ್ತೆ?' ಅಂತ ಕೇಳಿದೆ.
'ನೆನಪಿಲ್ಲ' ಅಂದ.
'ನಾನು ಇಂಗ್ಲೆಂಡು ನೋಡುತ್ತಿದ್ದೆ.'