ತುಲೆಯ ಶನಿ

ಪರದೆ ಎಳೆದ ಮೇಲೆಯೇ ಮಾರಿಸೆಲ್
ಹಾಲುಪುಡಿ ಡಬ್ಬಿಯ ಮುಚ್ಚಳ ತೆಗೆಯುವುದು.
ಒಳಗೆ ಎಪ್ಪತ್ತೆಂಟು ಕಾರ್ಡು, ರಬ್ಬರ್ ಬ್ಯಾಂಡು ಸುತ್ತಿ.
ಎದುರು ಬಿಲ್ಡಿಂಗಿನವರು ನೋಡಿ
ಯಾರಿಗಾದರೂ ಹೇಳಿಬಿಟ್ಟರೆ ಎಂದು ಅವಳಿಗೆ ಅಳುಕು.
ನನಗೆ, ಎ.ಸಿ. ನಿಂತೀತೆಂದು.

ರೂವಿಯ ಮೂರನೇ ಮಹಡಿ. ಸಲೂನಿಗೆ ರಜೆ.
ಅವಳ ಉಗುರಲ್ಲಿ ಯಾರದೋ ಮದುವೆಯ ಕೂದಲಬಣ್ಣ ಇನ್ನೂ ಹೋಗಿಲ್ಲ.

ಪ್ರತಿ ಕಾರ್ಡಿನ ಮೂಲೆಗೂ ಪೆನ್ಸಿಲಿನ ಪುಟ್ಟ ಗುರುತು:
ಗಡ್ಡದ ಚಕ್ರವರ್ತಿ ಮೇಷ,
ಬೆಂಕಿ ಹತ್ತಿ ಬೀಳುವ ಗೋಪುರ ಕುಜ,
ನಾಯಿ ಊಳಿಡುವ ಚಂದ್ರನ ಕಾರ್ಡು ಮಾತ್ರ
ಚಂದ್ರನದಲ್ಲ, ಮೀನದ್ದು.
ಇದ್ಯಾವ ನ್ಯಾಯ ಅಂದರೆ
"ಅಲ್ಲಿ ಬಾಡಿಗೆಗಿದ್ದಾನೆ, ನಮ್ಮ ಹಾಗೆ" ಅನ್ನುತ್ತಾಳೆ.

ನನ್ನದೂ ಹೀಗೊಂದು ಬಾಡಿಗೆಯ ಕತೆ.
ಹುಟ್ಟಿದ್ದು ಇದೇ ಊರಲ್ಲಿ, ಬೆಳಗಿನ ಆರೂ ಹತ್ತಕ್ಕೆ.
ಕೋಟೇಶ್ವರದ ಅಜ್ಜ ಅದನ್ನು ಅಲ್ಲಿನ ಗಡಿಯಾರದ ಆರೂ ಹತ್ತೆಂದು ತಿಳಿದು
ಕಟಕ ಲಗ್ನ ಎಂದು ಬರೆದು, ಅರಿಶಿನ ಹಚ್ಚಿ ಕಳಿಸಿದರು.
ಅಪ್ಪಯ್ಯ ಹಡಗಿನ ಗೋದಾಮಿನ ಬಿಲ್ಲಿನ ಬೆನ್ನಿಗೆ
ಮಸ್ಕತ್ತಿನ ರೇಖಾಂಶ ಹಿಡಿದು ಮತ್ತೆ ಕೂಡಿಸಿ ಕಳೆದು
ಸಿಂಹ ಎಂದು ತಿದ್ದಿದ.
ಆರು ವರ್ಷ ಕಟಕದ ಮಗಳಾಗಿ ಅಳುಬುರುಕಿ ಎನಿಸಿಕೊಂಡವಳು
ಒಂದೇ ರಾತ್ರಿಯಲ್ಲಿ ಹಟಮಾರಿಯಾದೆ.

ಮಾರಿಸೆಲ್ ಎರಡು ಕಾರ್ಡು ಇಟ್ಟಳು:
ರಥ ಕಟಕಕ್ಕೆ; ಸಿಂಹಕ್ಕೆ,
ಸಿಂಹದ ಬಾಯನ್ನು ಮೆಲ್ಲಗೆ ಮುಚ್ಚುತ್ತಿರುವ ಹೆಂಗಸು.
"ಎರಡೂ ಇಟ್ಟುಕೋ ವಾರಿಜಾ,
ಕಾರ್ಡು ಹುಟ್ಟಿದ ಹೊತ್ತು ಕೇಳುವುದಿಲ್ಲ,
ನೀನು ಈಗ ಬಂದು ಕೂತೆಯಲ್ಲ, ಆ ಹೊತ್ತು ಸಾಕು."

ಅಪ್ಪಯ್ಯ ಹೇಳುತ್ತಿದ್ದ:
ಪಡುವಣ ದಿಕ್ಕಿಗೆ ಒಡೆಯ ಶನಿ.
ಎಣ್ಣೆ ಅವನದು, ಕಬ್ಬಿಣ ಅವನದು, ಕೂಲಿಯೂ ಅವನದೇ.
ಸಾಡೇಸಾತಿಗೆ ಹೆದರಿ ಓಡಿದವರು
ನೆಟ್ಟಗೆ ಅವನ ಮನೆಗೇ ಬಂದು ಚಪ್ಪಲಿ ಬಿಟ್ಟಿದ್ದೇವೆ.

ಕಳೆದ ವಾರ ಅವಳು ತನಗಾಗಿ ಎಳೆದಳು. ಒಂದೇ ಕಾರ್ಡು.
ಇಲೋಯ್ಲೋದಲ್ಲಿ ಮಗ, ಹನ್ನೊಂದು ವರ್ಷ,
ಮೂರು ವಾರದಿಂದ ಫೋನಿಗೆ ಬಂದಿಲ್ಲ.
ಕೆಂಪು ಹೃದಯ. ಅದರಲ್ಲಿ ಮೂರು ಕತ್ತಿ. ಹಿಂದೆ ಮಳೆ.
(ರೂವಿಗೆ ಮಳೆ ಬಂದು ಎಷ್ಟು ತಿಂಗಳಾಯಿತೋ.)
ಮೂಲೆಯಲ್ಲಿ ಪೆನ್ಸಿಲು: ತುಲೆಯಲ್ಲಿ ಶನಿ.

ನಾನು ಕೈ ಹಿಡಿದೆ. "ಅಳಬೇಡ ಮಾರಾಯ್ತಿ,
ತುಲೆಯಲ್ಲಿ ಶನಿ ಉಚ್ಚ. ನಮ್ಮಲ್ಲಿ ಅದು ಪಟ್ಟದ ಜಾಗ.
ತಡಮಾಡುತ್ತಾನೆ, ತೂಗಿ ನೋಡುತ್ತಾನೆ,
ಕೊಡುವುದನ್ನು ಕೊಟ್ಟೇ ಕೊಡುತ್ತಾನೆ."

"ಉಚ್ಚಾ?" ಮೂಗು ಒರೆಸಿಕೊಂಡಳು.
"ಉಚ್ಚ."

ಅವಳ ಆಕಾಶಕ್ಕೂ ನನ್ನ ಆಕಾಶಕ್ಕೂ ನಡುವೆ
ಇಪ್ಪತ್ತನಾಲ್ಕು ಡಿಗ್ರಿ ಅಯನಾಂಶ.
ಕಳೆದರೆ, ಆ ಕಾರ್ಡಿನ ಶನಿ
ನನ್ನ ಲೆಕ್ಕಕ್ಕೆ ತುಲೆಯಲ್ಲೇ ಇಲ್ಲ,
ಹಿಂದಿನ ಮನೆ ಕನ್ಯೆಯಲ್ಲಿ ನಿಂತಿದ್ದಾನೆ.
ಅವಳ ಕಟ್ಟಿನಲ್ಲಿ ಕನ್ಯೆಗೆ ಯಾವ ಚಿತ್ರವೆಂದೂ ನನಗೆ ಗೊತ್ತಿತ್ತು:
ಹಿಮದ ಮೇಲೆ ಕಂದೀಲು ಹಿಡಿದು ಒಬ್ಬನೇ ನಿಂತ ಮುದುಕ.

ಹೇಳಲಿಲ್ಲ.
ಬೆಳಿಗ್ಗೆ ಅವಳು ಬೂಟು ಹಾಕುತ್ತ
"ಉಚ್ಚಾ, ಉಚ್ಚಾ" ಎಂದು ಹಾಡಿಕೊಂಡು ಮೆಟ್ಟಿಲಿಳಿದಳು.

ಸಿಂಕಿನ ಮುಂದೆ ನಿಂತಾಗ ನೆನಪಾಯಿತು.
ಒಂದು ಶುಕ್ರವಾರ, ಸೆಂಟ್ರಿಂಗಿನ ಹುಡುಗ, ಬೈಂದೂರಿನವ,
ಮಡಚಿ ಮಡಚಿ ಹರಿದ ಜಾತಕ ತಂದಿದ್ದ.
ಅಪ್ಪಯ್ಯನ ಪೆನ್ಸಿಲು ಅಷ್ಟಮದ ಹತ್ತಿರ ನಿಂತಿತು,
ತುಂಬ ಹೊತ್ತು.
ಆಮೇಲೆ "ಬಪ್ಪ ವರ್ಷ ಲಾಯ್ಕ್ ಇತ್ತ್ ಮಾರಾಯ, ಚಾ ಕುಡಿ" ಅಂದ,
ಬಿಲ್ಲನ್ನು ಮಗುಚಿ ಹಾಕಿದ.
ಮೇಲೆ ಬಂದದ್ದು ಬರೀ ಗೋದಾಮಿನ ಲೆಕ್ಕ:
ಅಕ್ಕಿ ನಲವತ್ತು ಚೀಲ, ಎಣ್ಣೆ ಹನ್ನೆರಡು ಡಬ್ಬಿ.