ಅಸಲು

ಕೊನೆಯ ಕಂತು ಹದಿನೇಳನೇ ಪುಟದಲ್ಲಿದೆ,
ಇನ್ನು ಮೂವತ್ತು ವರ್ಷಕ್ಕೆ.
ಆ ತಾರೀಖಿಗೆ ನಾನಿರುವುದಿಲ್ಲ,
ಈ ಕುರ್ಚಿಯೂ, ಅದರ ಮುರಿದ ಕೈಯೂ.
ಸಾಲ ಇರುತ್ತದೆ. ಪೈಪು ಇರುತ್ತದೆ. ಇರಬೇಕು,
ಹಾಗಂತ ಗುತ್ತಿಗೆದಾರ ರುಜು ಹಾಕಿದ್ದಾನೆ.

ಹೊರಮಾವಿನ ಉಪವಿಭಾಗ ಕಚೇರಿ, ಎರಡನೇ ಮಹಡಿ.
ಕೆಳಗೆ ರಸ್ತೆ ಅಗೆದು ಎಂಟು ತಿಂಗಳು.
ಕಪ್ಪು ಪೈಪುಗಳು ಬಾಯಿ ತೆರೆದು ಮಲಗಿವೆ.
ಒಂದರೊಳಗೆ ನಾಯಿ ಮರಿ ಹಾಕಿದೆ,
ನನ್ನ ಆಸ್ತಿ ಪಟ್ಟಿಯಲ್ಲಿ ಅದಕ್ಕೆ ಕಾಲಂ ಇಲ್ಲ.

ಪಿಳ್ಳಮ್ಮ ಮೆಟ್ಟಿಲು ಹತ್ತಿ ಬಂದರು,
ಬಿಸ್ಕತ್ತಿನ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದರು.
ಟ್ಯಾಂಕರಿನವನ ಚೀಟಿಗಳು, ಆರು ಬೇಸಿಗೆಯವು,
ಕೆಲವು ನೆನೆದು ಒಣಗಿ ಹಪ್ಪಳವಾಗಿದ್ದವು.
‘ನಮ್ಮ ತಲೆ ಮೇಲೆ ಸಾಲ ಹೊರಿಸ್ತೀರಂತೆ, ಪೇಪರಲ್ಲಿ ಬಂದೈತೆ.
ಹೊರ್ಸಿ. ಮೊದಲು ಇದಕ್ಕೇನಂತಾರೆ ಅದು ಹೇಳಿ.’

ಕೂಡಿದೆ. ಲೆಕ್ಕ ಕಲಿತ ಕೈ ಸುಮ್ಮನಿರದು.
ಮೊತ್ತ ಮಾತ್ರ ಹೇಳಲಿಲ್ಲ.
ಬಡ್ಡಿ ಕಟ್ಟುತ್ತಲೇ ಬಂದಿದ್ದಾರೆ ಈಕೆ
ಯಾರೂ ಕೊಡದ ಸಾಲಕ್ಕೆ.

ದುಡ್ಡನ್ನು ನೀರಿನಂತೆ ಚೆಲ್ಲಿದ ಅನ್ನುವ ಮಾತು
ಈ ವಾರ್ಡಿನಲ್ಲಿ ಹುಟ್ಟಿದ್ದಲ್ಲ.
ಇಲ್ಲಿ ನೀರನ್ನೇ ದುಡ್ಡಿನಂತೆ ಎಣಿಸುತ್ತಾರೆ,
ಕೊಡ ಕೊಡವಾಗಿ, ನೆರೆಯವರಿಗೆ ಬೆನ್ನು ತಿರುಗಿಸಿ.

ಬಾಂಡು ಕೊಂಡದ್ದು ದೂರದೂರಿನ ಪಿಂಚಣಿ ನಿಧಿ.
ಅಲ್ಲಿ ಯಾರೋ ನಿವೃತ್ತ ಮೇಷ್ಟರ ಬಿಪಿ ಮಾತ್ರೆ
ಇಲ್ಲಿ ಪಿಳ್ಳಮ್ಮನ ನಲ್ಲಿಗೆ ನೇತುಬಿದ್ದಿದೆ.
ಇಬ್ಬರಿಗೂ ಗೊತ್ತಿಲ್ಲ.
ನನಗೆ ಗೊತ್ತು. ಗೊತ್ತಿದ್ದು ಏನು ಮಾಡಲಿ,
ಷರಾ ಕಾಲಮಿನಲ್ಲಿ ಅರ್ಧ ಅಂಗುಲ ಜಾಗ.

ವಾಲ್ವ್ ತಿರುವುವ ಮುನಿನಂಜಪ್ಪನ ತಾತ
ಬಡಾವಣೆಯಾಗಿಹೋದ ಕೆರೆಯೊಂದರ ನೀರುಗಂಟಿ.
ತೂಬು ಎತ್ತಿದ್ದಕ್ಕೆ ಸುಗ್ಗಿಯಲ್ಲಿ ಬಳ್ಳ ಭತ್ತ.
‘ಕೆರೆ ಕಟ್ಟಿಸಿದೋರೂ ಸಾಲ ಮಾಡಿರ್ತಾರಾ ಮೇಡಂ?’
ಮಾಡಿರಬಹುದು.
ಕಲ್ಲಿನ ಮೇಲೆ ಕಟ್ಟಿಸಿದವರ ಹೆಸರಿರುತ್ತದೆ,
ತೀರಿಸಿದವರದು ಇರುವುದಿಲ್ಲ.

ಮಂಜೂರಾದ ಸಾಲ ಸಾಲದು
ಎಂದು ಮೇಲಿನವರಿಗೆ ಬರೆದಿದ್ದೇನೆ. ಎರಡು ಸಲ.
ಬರೆಯುವಾಗ ಎರಡೂ ಸಲ ನಗು ಬಂತು,
ಎಂಥ ಭಾಷೆಯಪ್ಪ, ಪಡೆದದ್ದಕ್ಕೂ ಕೊರತೆಗೂ
ಒಂದೇ ದನಿ ಕೊಟ್ಟು ಕೂತಿದೆ.

ಆಮೇಲೆ ಒಂದು ಗುರುವಾರ, ಬೆಳಗಿನ ಮೂರೂವರೆ.
ಮರಿಗಳನ್ನು ಗೋಣಿಚೀಲಕ್ಕೆ ಸಾಗಿಸಿ ವಾರವಾಗಿತ್ತು.
ಮುನಿನಂಜಪ್ಪ ಬೀಗದ ಕೈಯನ್ನು ಭೂಮಿಗಿಳಿಸಿ
ಮೈಯನ್ನೆಲ್ಲ ಹಾಕಿ ತಿರುವಿದ.
ಮೊದಲು ಬಂದದ್ದು ಗಾಳಿ.
ಗಾಳಿಗೇ ಮೀಟರು ಗಿರ್ರನೆ ತಿರುಗಿತು,
ನಾನು ಬೇರೆಡೆ ನೋಡಿದೆ.

ಆಮೇಲೆ ನಲ್ಲಿ ಕೆಮ್ಮಿತು. ಕೆಂಪು ನೀರು, ಒಂದು ಕೊಡ.
ಪಿಳ್ಳಮ್ಮ ಚೆಲ್ಲಲಿಲ್ಲ, ನುಗ್ಗೆ ಗಿಡದ ಬುಡಕ್ಕೆ ಹೊಯ್ದರು.
ಎರಡನೇ ಕೊಡ ತಿಳಿಯಾಗುತ್ತಾ ಬಂತು.
ಬೊಗಸೆಯಲ್ಲಿ ಹಿಡಿದು, ಬೀದಿದೀಪಕ್ಕೆ ಎತ್ತಿ ನೋಡಿ,
ಕುಡಿಯುವ ಮೊದಲು ನನ್ನ ಕಡೆ ತಿರುಗಿದರು:

‘ಇದು ಅಸಲಾ ತಾಯಿ, ಬಡ್ಡಿಯಾ?’