ಕೈಕೆಳಗೆ

ಸ್ವಂತವಾಗಿ ಕೆಲಸ ಮಾಡಲು ಅಪ್ಪಣೆ ಕೋರುವ ಅರ್ಜಿ.
ಅದರ ಹನ್ನೊಂದನೇ ಕಲಮು ಕೇಳುತ್ತದೆ:
ಯಾರ ಕೈಕೆಳಗೆ?

ಹತ್ತರವರೆಗೆ ಸರಾಗ ತುಂಬಿದೆ.
ಹೆಸರು: ಸುಲಕ್ಷಾ ಗಣಪ ಅಂಬಿಗ.
ಊರು: ಅಘನಾಶಿನಿ, ತಾಲೂಕು ಕುಮಟಾ.
ವಿದ್ಯೆ: ಹಲ್ಲು ಶುಚಿ ಮಾಡುವ ಎರಡು ವರ್ಷದ ಡಿಪ್ಲೊಮಾ,
ಹುಬ್ಬಳ್ಳಿ, ಮೊದಲ ದರ್ಜೆ.
ಅನುಭವ: ಒಂಬತ್ತು ವರ್ಷ.
ಬಾಯಿ ಎಷ್ಟು ನೋಡಿದೆನೋ, ಲೆಕ್ಕ ಇಟ್ಟವರಿಲ್ಲ.

ಹನ್ನೊಂದಕ್ಕೆ ಬಂದು ಪೆನ್ನು ನಿಂತಿತು.

ಡಾಕ್ಟರು ತಿಂಗಳಿಗೊಂದು ಬುಧವಾರ, ಕುಮಟೆಯಿಂದ.
ಬಂದರೆ ಬಂದರು.
ಕೆಟ್ಟವರಲ್ಲ ಅವರು; ಅವರಿಗೂ ಮೂರು ತಾಲೂಕು,
ಎರಡೇ ಮೊಣಕಾಲು.
ಅವರಿಲ್ಲದ ದಿನ ನಾನು ಕುರ್ಚಿ ಒರೆಸಬಹುದು,
ಪ್ಲಾಸ್ಟಿಕ್ಕಿನ ದವಡೆ ಹಿಡಿದು
ಬ್ರಶ್ಶು ತಿಕ್ಕುವುದನ್ನು ಶಾಲೆಮಕ್ಕಳಿಗೆ ತೋರಿಸಬಹುದು,
ರಿಜಿಸ್ಟರಿನಲ್ಲಿ ಗೆರೆ ಎಳೆಯಬಹುದು.
ಬಾಯೊಳಗೆ ಕೈ ಹಾಕುವಂತಿಲ್ಲ.

ಅಪ್ಪ ದೋಣಿಯ ತಳ ಕೆರೆಯುತ್ತಿದ್ದ.
ಇಳಿತದ ಹೊತ್ತಿಗೆ ಮರಳ ಮೇಲೆ ಮಗುಚಿ ಹಾಕಿ
ಮೊಂಡು ಕತ್ತಿಯಲ್ಲಿ, ಮರಕ್ಕೆ ಗಾಯವಾಗದಂತೆ,
ಅಂಟಿದ ಚಿಪ್ಪುಗಳನ್ನು ಒಂದೊಂದೇ ಎಬ್ಬಿಸಿ.
"ಹಾಗೇ ಬಿಟ್ಟರೆ ಮೊದಲು ಭಾರ, ಆಮೇಲೆ ತೂತು" ಅನ್ನುತ್ತಿದ್ದ.
ಯಾರ ಕೈಕೆಳಗೆ ಕೆರೆಯುತ್ತೀ ಎಂದು
ಯಾವ ಬಂದರಿನ ಸಾಹೇಬನೂ ಅವನನ್ನು ಕೇಳಲಿಲ್ಲ.

ಹೋದ ವಾರ ಹೊಸಬಿ ಬಂದಳು, ಬಳಚು ಆರಿಸುವವಳು,
ಸೊಂಟದವರೆಗೆ ಒದ್ದೆ, ಬುಟ್ಟಿ ಬಾಗಿಲ ಹೊರಗಿಟ್ಟು.
"ಡಾಕ್ಟರಿಲ್ಲ" ಅಂದೆ.
"ಹೋದ ತಿಂಗಳೂ ಇರ್ಲಿಲ್ಲ" ಅಂದಳು.
"ಮುಂದಿನ ಬುಧವಾರ..."
"ಬುಧವಾರ ನೀರು ಇಳಿಯೂದು ಬೆಳಿಗ್ಗೆ ಹತ್ತಕ್ಕೆ.
ನಾನು ನಿನ್ನ ಡಾಕ್ಟರಿಗೆ ಕಾದರೆ
ಹೊಳೆ ನನಗೆ ಕಾಯ್ತದಾ?"

ಬಾಯಿ ತೆರೆದು ಕೂತೇಬಿಟ್ಟಳು.

ಒಸಡು ಕೆಂಪಗೆ, ಮುಟ್ಟಿದರೆ ರಕ್ತ.
ಕೆಳಗಿನ ಸಾಲಿನ ಹಿಂದೆ
ಮೂವತ್ತು ವರ್ಷದ ಕವಳ ಕಲ್ಲಾಗಿ ಕೂತು
ಥೇಟು ದೋಣಿಯ ತಳ.
ಮತ್ತೆ, ಎಡಗೆನ್ನೆಯ ಒಳಗೆ,
ಕವಳ ಒತ್ತಿಡುವ ಜಾಗದಲ್ಲೇ,
ಉಜ್ಜಿದರೂ ಹೋಗದ ಒಂದು ಬಿಳಿ.
ಬೆಳ್ಳುಳ್ಳಿ ಸಿಪ್ಪೆಯಷ್ಟು.

ಅದಕ್ಕೊಂದು ಹೆಸರಿದೆ. ನನಗೆ ಗೊತ್ತು.
ಆ ಹೆಸರು ಬರೆಯುವ ಅಧಿಕಾರ ನನ್ನದಲ್ಲ.
ಒಂಬತ್ತು ವರ್ಷ ಊರಿಗೆಲ್ಲ ಬಾಯಿ ಬಿಡಿ ಅಂದವಳು
ನಾನು ಬಾಯಿ ಬಿಟ್ಟಿರಲಿಲ್ಲ.

ಅವತ್ತು ಬಿಟ್ಟೆ.
ಹೊಸಬೀ, ಇದು ಸರಿಯಿಲ್ಲ, ಕವಳ ಇವತ್ತೇ ನಿಲ್ಲಿಸು,
ಕಾರವಾರದ ದೊಡ್ಡಾಸ್ಪತ್ರೆಗೆ ಹೋಗುವಾ, ನಾನೂ ಬರುತ್ತೇನೆ.
ಅವಳು ನಾಲಿಗೆಯಿಂದ ಕೆನ್ನೆ ತಡವಿ ನೋಡಿಕೊಂಡಳು,
ಮನೆಯ ಮೂಲೆಯಲ್ಲಿ ಯಾರೋ ಮಲಗಿದ್ದಾರೆಂದು
ಆಗಷ್ಟೇ ತಿಳಿದವಳಂತೆ.

"ಅದು ಆಮೇಲೆ. ಈಗ ಈ ಕಲ್ಲಾದ್ರೂ ತೆಗಿ."

ಕರೆಂಟಿರಲಿಲ್ಲ. ಗ್ಯಾಸಿನ ಮೇಲೆ ಕುಕ್ಕರು ಕೂಗಿ ಕೂಗಿ
ಇಪ್ಪತ್ತು ನಿಮಿಷ ಸಲಕರಣೆ ಬೇಯಿಸಿತು.
ಕಿಟಕಿಯ ಬೆಳಕಿಗೆ ಮಡಚು ಕುರ್ಚಿ ಎಳೆದು
ಒಂದೊಂದೇ ಎಬ್ಬಿಸಿದೆ.
ನೋವಿಗೆ ಅವಳು ನನ್ನ ಮಣಿಕಟ್ಟು ಹಿಡಿದಳು.
ಚಿಪ್ಪು ಕೊಯ್ದು ಕೊಯ್ದು ಒರಟಾದ ಅಂಗೈ,
ಬೆರಳ ಸಂದಿಯಲ್ಲಿ ಇನ್ನೂ ಹೊಳೆಯ ಕೆಸರು.
ತಡೆಯಲಿಲ್ಲ ಅದು. ಬಿಡಲೂ ಇಲ್ಲ.
ಅಷ್ಟು ಹೊತ್ತೂ ನನ್ನ ಕೈ ಅದರ ಕೆಳಗೇ ಇತ್ತು.

ಉಗುಳಿ, ಬಾಯಿ ಮುಕ್ಕಳಿಸಿ, ಹುಬ್ಬೇರಿಸಿದಳು:
"ಏ ತಂಗಿ, ಹಲ್ಲಿನ ನಡುವೆ ಗಾಳಿ ಬರ್ತದೆ!"
ದುಡ್ಡು ಬೇಡ ಅಂದದ್ದಕ್ಕೆ
ಎರಡು ಬೊಗಸೆ ಬಳಚು ಮೇಜಿನ ಮೇಲೆ ಸುರಿದಳು.
ರಿಜಿಸ್ಟರು ಒದ್ದೆಯಾಯಿತು.

ಹನ್ನೊಂದನೇ ಕಲಮು ಇನ್ನೂ ಖಾಲಿ.
ಡಾಕ್ಟರ ಹೆಸರು ಬರೆದರೆ ಅಪ್ಪಣೆ ಸಿಕ್ಕೀತು,
ನಿಜ ಬರೆಯಲು ಆ ಗೆರೆ ಸಾಲುವುದಿಲ್ಲ.
ಶುಕ್ರವಾರ ಬೆಳಿಗ್ಗೆ ಕಾರವಾರದ ಬಸ್ಸಿಗೆ
ಎರಡು ಸೀಟು ಹಿಡಿಯಬೇಕು.

ಅವತ್ತು ರಾತ್ರಿ ಬಳಚನ್ನು ಉಪ್ಪುನೀರಿನಲ್ಲಿ ಬಿಟ್ಟಿದ್ದೆ.
ದೀಪ ಆರಿಸಿದ ಮೇಲೂ ಕೇಳುತ್ತಿತ್ತು:
ಪಾತ್ರೆಯೊಳಗೆ ಒಂದೊಂದೇ ಬಾಯಿ ತೆರೆದು
ಮರಳು ಉಗುಳುವ ಸದ್ದು.